ಆಸಿಡ್ ಟ್ರ್ಯಾಕ್ಸ್ ಕೇಳಿದ ಮಧ್ಯಾಹ್ನ

ಕೆಲಸದ ನಿಮಿತ್ತ ಶಿಕಾಗೋಗೆ ಬಂದು ಎರಡು ವರ್ಷವಾಗಿದ್ದರೂ, ಆ ಊರಿನಲ್ಲೇ ಹುಟ್ಟಿದ ‘ಹೌಸ್’ ಎಂಬ ವಿದ್ಯುನ್ಮಾನ ನೃತ್ಯಸಂಗೀತವನ್ನು ನಾನು ಕಿವಿಗೊಟ್ಟು ಕೇಳಿರಲಿಲ್ಲ. ಹಿಮ ಬೀಳುತ್ತಿದ್ದ ಒಂದು ಶನಿವಾರ ಹಳೆಯ ರೆಕಾರ್ಡುಗಳ ಅಂಗಡಿಯೊಂದನ್ನು ಹೊಕ್ಕಾಗ, ಅಲ್ಲಿನ ಹಿರಿಯರು ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ತಟ್ಟೆಯನ್ನು ಕೈಗಿತ್ತು, ಪೂರ್ತಿ ಕೇಳದೆ ಏಳಬಾರದೆಂದರು. ಟ್ರ್ಯಾಕ್ಸ್ ರೆಕಾರ್ಡ್ಸ್ ಎಂಬ ಸಂಸ್ಥೆ 1987ರಲ್ಲಿ ಹೊರತಂದ ಆ ರೆಕಾರ್ಡಿನ ಒಂದು ಬದಿಯ ತುಂಬ ಇದೊಂದೇ ಕೃತಿ, 11 ನಿಮಿಷಕ್ಕೂ ಹೆಚ್ಚು.

ಮೊದಮೊದಲು ಬೇಸರವೇ ಆಯಿತು. ಸಮನಾದ ಪೆಟ್ಟುಗಳ ಮೇಲೆ ಅದೇ ಪುಟ್ಟ ಸ್ವರಗುಚ್ಛ ಮರಳಿ ಮರಳಿ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಸ್ವರಗಳು ಹಾಗೇ ಇದ್ದರೂ ಅವುಗಳ ನಾದ ಒಮ್ಮೆ ಮಂಕಾಗಿ ಒಳಸರಿದು, ಇನ್ನೊಮ್ಮೆ ಚೀರುವಷ್ಟು ಚೂಪಾಗುತ್ತಿರುವುದು ಕಿವಿಗೆ ಬಿತ್ತು. ಬಾಲ್ಯದಲ್ಲಿ ನಮ್ಮತ್ತೆ ತಂಬೂರಿ ಶ್ರುತಿ ಮಾಡುವಾಗ ತಂತಿಯಡಿಯ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ, ಅದೇ ಷಡ್ಜದೊಳಗಿಂದ ಬೇರೆ ಬೇರೆ ಉಪಸ್ವರಗಳು ಏಳುತ್ತಿದ್ದುದು ನೆನಪಾಯಿತು. ಇಲ್ಲಿ ಆ ಕೆಲಸ, ತಗ್ಗಿನ ಸ್ವರಗಳನ್ನು ನುಡಿಸುವ ರೋಲ್ಯಾಂಡ್ ಟಿಬಿ-303 ಎಂಬ ವಿದ್ಯುನ್ಮಾನ ಯಂತ್ರದ ತಿರುಗಿಸುವ ಗುಂಡಿಗಳದು, ಅಂದರೆ ನಾಬ್‌ಗಳದು. ಒಂದು ನಾಬ್ ಎತ್ತರದ ಕಂಪನಗಳನ್ನು ಎಲ್ಲಿ ಕತ್ತರಿಸಬೇಕೆಂದು ಗೊತ್ತುಮಾಡಿದರೆ, ಇನ್ನೊಂದು ಆ ಗಡಿಯ ಆಸುಪಾಸಿನ ಕಂಪನಗಳನ್ನು ಎತ್ತಿ ಕೇಳಿಸುತ್ತದೆ.

ಒಬ್ಬರೇ ನುಡಿಸುವ ಗಿಟಾರ್ ವಾದಕರಿಗೆ ಪಕ್ಕವಾದ್ಯವಾಗಲೆಂದು 1981ರಲ್ಲಿ ಬಂದು, ಬೇಸ್ ಗಿಟಾರನ್ನು ಹೋಲದೆ ಸೋತು, 1984ರ ಹೊತ್ತಿಗೆ ತಯಾರಿಕೆಯೇ ನಿಂತುಹೋದ ಯಂತ್ರವದು. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಫ್ಯೂಚರ್ ತಂಡದ ಮೂವರು ಯುವಕರು ಅದು ಮಾಡಬೇಕಾದ ಕೆಲಸವನ್ನು ಬಿಟ್ಟು, ಅದಕ್ಕೆ ಸಹಜವಾಗಿ ಬರುತ್ತಿದ್ದ ದನಿಯನ್ನೇ ಹಿಂಬಾಲಿಸಿದರು. ಶಿಕಾಗೋದ ಮ್ಯೂಸಿಕ್ ಬಾಕ್ಸ್ ಕ್ಲಬ್ಬಿನಲ್ಲಿ ಡಿಜೆ ರಾನ್ ಹಾರ್ಡಿ ‘ಆಸಿಡ್ ಟ್ರ್ಯಾಕ್ಸ್’ನ ಟೇಪನ್ನು ಮೊದಲ ಸಲ ಹಾಕಿದಾಗ ಕುಣಿಯುವವರು ಹಿಂದೆ ಸರಿದರೆಂದೂ, ಅದೇ ರಾತ್ರಿ ನಾಲ್ಕನೆಯ ಸಲ ಹಾಕುವಷ್ಟರಲ್ಲಿ ಹುಚ್ಚೆದ್ದು ಕುಣಿದರೆಂದೂ ಪಿಯರ್ ಹೇಳುತ್ತ ಬಂದಿದ್ದಾರೆ. ನನ್ನ ಬೇಸರ ಕರಗಿದ ಬಗೆಯನ್ನು ನೋಡಿದರೆ ಆ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ‘ಆಸಿಡ್’ ಎಂದರೆ ಆ ಅಡ್ಡಹೆಸರಿನ ಎಲ್‌ಎಸ್‌ಡಿ ಮಾದಕವಸ್ತುವಿನ ಹೊಗಳಿಕೆಯೆಂದು ತಿಳಿಯುವವರು ತಟ್ಟೆಯ ಇನ್ನೊಂದು ಬದಿಯನ್ನೂ ಕೇಳಬೇಕು. ಅಲ್ಲಿ ಕೊಕೇನ್ ತಾನೇ ಮಾತಾಡುತ್ತ ಮನುಷ್ಯನನ್ನು ಹೇಗೆ ನುಂಗುತ್ತೇನೆಂದು ಎಚ್ಚರಿಸುವ ಹಾಡಿದೆ.

ಯಂತ್ರದ ಸಂಗೀತದಲ್ಲಿ ಮನುಷ್ಯನ ಕೈ ಇರುವುದಿಲ್ಲವೆಂದು ನಾನೂ ಹಲವು ಸಲ ವಾದಿಸಿದ್ದೆ. ಮುಳ್ಳು ಕೊನೆಯ ಗೀರಿಗೆ ಬಂದಾಗ ಅಂಗಡಿಯ ಹಿರಿಯರು ನನ್ನತ್ತ ನೋಡಿದರು. ನಾನು ಅದನ್ನು ಮತ್ತೆ ಮೊದಲಿಗೆ ಇಟ್ಟು, ಈ ಸಲ ತಾಳವನ್ನು ಬಿಟ್ಟು, ನಾಬ್ ತಿರುಗಿಸುವ ಆ ಕೈ ಎಲ್ಲಿ ತಡೆಯುತ್ತದೆ, ಎಲ್ಲಿ ಧೈರ್ಯಮಾಡಿ ಮುಂದುವರಿಯುತ್ತದೆ ಎಂಬುದನ್ನಷ್ಟೇ ಕೇಳುತ್ತ ಕುಳಿತೆ.