ಮಣಿಸರದಲ್ಲಿ ಜೀನ್ ಬೆಸುಗೆ: ಮಾದರಿ ಎಲ್ಲಿಗೆ ಬಂತು

ಕಾಸರಗೋಡಿನಲ್ಲಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಆಮೇಲೆ ವಿಜ್ಞಾನಕ್ಕೆ ಸೇರಿದ ಮಕ್ಕಳಿಗಾಗಿ ಕಟ್ಟುತ್ತಿರುವ ಮಾದರಿ ಇದು. ಮೂಗಿನೊಳಗೆ, ಸೈನಸ್‌ಗಳಲ್ಲಿ ಬೆಳೆಯುವ ಬೈಫಿನೋಟಿಪಿಕ್ ಸಾರ್ಕೋಮಾ ಎಂಬ ಅಪರೂಪದ ಗಡ್ಡೆಯಲ್ಲಿ ಪ್ಯಾಕ್ಸ್3 ಜೀನ್ ತುಂಡಾಗಿ ಎಂಎಎಂಎಲ್3 ಜೀನಿಗೆ ಬೆಸೆದುಕೊಳ್ಳುತ್ತದೆ. ಅದನ್ನು ಕೈಯಲ್ಲಿ ಹಿಡಿದು ತೋರಿಸಬೇಕು.

ಸರಗಳು ಮುಗಿದಿವೆ

ಒಂದು ಮಣಿ ಎಂದರೆ ಡಿಎನ್‌ಎಯ 10 ಲಕ್ಷ ಬೇಸ್ ಜೋಡಿ. 2ನೇ ಕ್ರೋಮೋಸೋಮಿಗೆ 242 ಮಣಿ, 4ನೆಯದಕ್ಕೆ 190. ಸೆಂಟ್ರೋಮಿಯರ್ (ಕ್ರೋಮೋಸೋಮಿನ ಸೊಂಟ) ಇರುವಲ್ಲಿ ದೊಡ್ಡ ಕರಿಮಣಿ. 2ರಲ್ಲಿ 222 ಮಣಿ ದಾಟಿದರೆ ಪ್ಯಾಕ್ಸ್3, 4ರಲ್ಲಿ 140 ದಾಟಿದರೆ ಎಂಎಎಂಎಲ್3. ಅಲ್ಲಿ ದಾರ ಕಡಿದು ರವಕೆಗೆ ಹಾಕುವ ಟಿಚ್ ಬಟನ್ ಕಟ್ಟಿದೆ. ನೈಲಾನ್ ದಾರದ ಗಂಟು ಜಾರುತ್ತದೆ. ತುದಿಗೆ ಊದುಬತ್ತಿಯ ಕೆಂಡ ತಾಗಿಸಿದರೆ ನಿಲ್ಲುತ್ತದೆ.

ತುದಿ ಅದಲುಬದಲು ಮಾಡಿದಾಗ 222+50 ಮತ್ತು 140+20 ಮಣಿಗಳ ಎರಡು ಸರ ಬರಬೇಕು. ಒಂದರಲ್ಲೇ ಎರಡು ಕರಿಮಣಿ ಕಂಡರೆ ತುಂಡು ತಪ್ಪಿದೆ. ಎಲ್ಲರೂ ಬೆಸುಗೆಯನ್ನು ಉದ್ದದ ಸರದಲ್ಲಿ ಹುಡುಕುತ್ತಾರೆ. ಆದರೆ ಪ್ಯಾಕ್ಸ್3 ಓದಿಸಿಕೊಳ್ಳುವುದು ತುದಿಯಿಂದ ಒಳಮುಖವಾಗಿ. ಅದರ ಮೊದಲ ಭಾಗ ಆ 20 ಮಣಿಯ ತುಂಡಿನಲ್ಲಿದೆ. ಗಡ್ಡೆ ಬೆಳೆಸುವ ಜೀನ್ ಇರುವುದು 140+20ರ ಸರದಲ್ಲಿ.

ಹಾಳೆತಟ್ಟೆಗಳು

ಫಿಶ್ ಎಂದರೆ ಹೊಳೆಯುವ ಬಣ್ಣವನ್ನು ಜೀನಿಗೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ. ಅದರಲ್ಲಿ ಪ್ಯಾಕ್ಸ್3ರ ಒಂದು ಬದಿಗೆ ಕೆಂಪು, ಇನ್ನೊಂದಕ್ಕೆ ಹಸಿರು. ಜೀನ್ ಇಡಿಯಾಗಿದ್ದರೆ ಬಣ್ಣಗಳು ಅಂಟಿಕೊಂಡಿರುತ್ತವೆ, ಒಡೆದರೆ ದೂರವಾಗುತ್ತವೆ. 20 ಅಡಿಕೆ ಹಾಳೆತಟ್ಟೆಗಳನ್ನು ಕೋಶಕೇಂದ್ರ ಮಾಡಿ ಮಣಿ ಅಂಟಿಸಿದೆ: 14 ಒಡೆದವು, 6 ಇಡಿ. ಜೊತೆಗೆ ಕೆಲವು ತಟ್ಟೆಗಳ ಅಂಚು ಕತ್ತರಿಸಿದೆ, ಏಕೆಂದರೆ ನಿಜವಾದ ಸ್ಲೈಡಿನಲ್ಲೂ 4 ಮೈಕ್ರಾನ್ ದಪ್ಪದ ಸೀಳಿಕೆಯಲ್ಲಿ ಕೋಶಕೇಂದ್ರ ಅರ್ಧ ಕತ್ತರಿಸಿಹೋಗಿ ಒಂದು ಬಣ್ಣ ಕಾಣೆಯಾಗುತ್ತದೆ. ಅದನ್ನು ಒಡೆದದ್ದೆಂದು ಎಣಿಸಬಾರದು. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಬರುತ್ತದೆ, ಬಿಸಿಲಿಗೆ ಚೆನ್ನಾಗಿ ಒಣಗಿಸಿಯೇ ಅಂಟಿಸಬೇಕು.

ಈ ಮಾದರಿಯ ಜೀವಾಳ ಇಲ್ಲಿದೆ. 114 ಮಣಿಯ 13ನೇ ಸರ ತಂದು, ಅದರ 40ನೇ ಮಣಿಯ ಆಚೆ ಇರುವ ಫಾಕ್ಸ್‌ಒ1 ಜೀನಿಗೆ ಅದೇ 20 ಮಣಿ ಸಿಕ್ಕಿಸಿದರೆ ಅದು ಆಲ್ವಿಯೊಲಾರ್ ರಾಬ್ಡೋಮಯೊಸಾರ್ಕೋಮಾ ಎಂಬ ಇನ್ನೊಂದು ಕ್ಯಾನ್ಸರಿನ ಬೆಸುಗೆ. ಮೂಗಿನ ಗಡ್ಡೆ ನಿಧಾನವಾಗಿ ಬೆಳೆಯುವಂಥದ್ದು, ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ರಾಬ್ಡೋಮಯೊಸಾರ್ಕೋಮಾ ಬೇಗ ಹರಡುವಂಥದ್ದು, ಕೀಮೋಥೆರಪಿ ಬೇಕೇಬೇಕು. ತಟ್ಟೆಯಲ್ಲಿ ಮಾತ್ರ ಎರಡೂ ಒಂದೇ ರೀತಿ! ಪ್ಯಾಕ್ಸ್3 ಒಡೆದಿದೆ ಎಂಬಷ್ಟೇ ಉತ್ತರ ಸಾಲದು, ಯಾವುದಕ್ಕೆ ಅಂಟಿತು ಎಂದು ಆರ್‌ಎನ್‌ಎ ಓದಿ ನೋಡಬೇಕು. ಮೂಗಿನ ಗಡ್ಡೆಯಲ್ಲೂ ಅಪರೂಪಕ್ಕೆ ಫಾಕ್ಸ್‌ಒ1 ಸಿಗುವುದರಿಂದ ಸ್ಲೈಡಿನಲ್ಲಿ ಕಾಣುವ ಕೋಶಗಳ ರೂಪವನ್ನೂ ಎಸ್100, ಮಯೊಜೆನಿನ್ ಎಂಬ ಪ್ರೋಟೀನುಗಳನ್ನು ತೋರಿಸುವ ಬಣ್ಣಗಳನ್ನೂ ಬಿಡುವಂತಿಲ್ಲ.

ಕೈಕೊಟ್ಟದ್ದು

ಸಾಲಿಟರಿ ಫೈಬ್ರಸ್ ಗಡ್ಡೆ ಎಂಬ ಬೇರೊಂದು ಗಡ್ಡೆಗೆ 12ನೇ ಸರ ಪೋಣಿಸಿದಾಗ, ಅದರಲ್ಲಿ ಬೆಸೆದುಕೊಳ್ಳುವ ನ್ಯಾಬ್2, ಸ್ಟ್ಯಾಟ್6 ಜೀನುಗಳೆರಡೂ 58ನೇ ಮಣಿಯೊಳಗೇ ಬಿದ್ದವು. ಅಕ್ಕಪಕ್ಕದ ಜೀನುಗಳು, ಮುಖ ಎದುರುಬದುರು. ಫಿಶ್‌ನಲ್ಲಿ ಇದು ಸುಲಭವಾಗಿ ಕಾಣದಿರುವುದಕ್ಕೂ ಇದೇ ಕಾರಣ. ಕೋಶಕೇಂದ್ರಕ್ಕೆ ಸೇರಿಕೊಂಡ ಸ್ಟ್ಯಾಟ್6 ಪ್ರೋಟೀನನ್ನು ಆ್ಯಂಟಿಬಾಡಿಯಿಂದ ಗುರುತಿಸುತ್ತಾರೆ. ಒಂದೇ ಮಣಿಯೊಳಗೆ ತೋರಿಸಲಾಗದ್ದರಿಂದ ಬೇರೆಯೇ ರಿಬ್ಬನ್ ಮಾಡಿ, ಎರಡು ಜೀನುಗಳ ಮುಖ ಒಂದೇ ಕಡೆಗಾಗುವಂತೆ ತುಂಡನ್ನು ತಿರುಗಿಸಿದರೆ ಟಿಚ್ ಬಟನ್ ಕೂಡಲಿಲ್ಲ: ಉಬ್ಬಿಗೆ ಉಬ್ಬು ಎದುರಾಯಿತು. ಈಗ ಪ್ರತಿ ತುದಿಗೂ ಸಣ್ಣ ಬಳೆ, ನಡುವೆ ಕೊಂಡಿ. ಬಟನ್ ಇಲ್ಲದಿರುವುದರಿಂದ ಓದುವ ದಿಕ್ಕಿಗೆ ಬಾಣದ ಗುರುತು ಹಾಕಲೇಬೇಕು.

ಮುಂದಿನದು ನಾಲಿಗೆಯ ಕಾಂಡ್ರೊಮಿಕ್ಸಾಯ್ಡ್ ಗಡ್ಡೆಯ ಆರ್‌ಆರ್‌ಇಬಿ1–ಎಂಆರ್‌ಟಿಎಫ್‌ಬಿ ಬೆಸುಗೆ. 6ಕ್ಕೆ 171, 16ಕ್ಕೆ 90 ಮಣಿ ಎಣಿಸಿಟ್ಟಾಗಿದೆ. ಬಳೆ ಕಟ್ಟುವುದು ಬಾಕಿ.