ಅನಂತಪುರದ ಪದವು, ಆಗಸ್ಟ್‌ನಲ್ಲಿ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಬದಿಯಡ್ಕದ ಬಸ್ಸು ಹತ್ತಿ ನಾಯ್ಕಾಪಿನಲ್ಲಿ ಇಳಿದರೆ ಅನಂತಪುರಕ್ಕೆ ನಡೆದೇ ಹೋಗಬಹುದು. ಕೆರೆ ನಡುವಿನ ಗುಡಿಯನ್ನೂ 2022ರಲ್ಲಿ ತೀರಿಕೊಂಡ ಮೊಸಳೆ ಬಬಿಯಾನನ್ನೂ ಕುರಿತು ಬೇಕಾದಷ್ಟು ಬರೆದಾಗಿದೆ. ಮಳೆಗಾಲದಲ್ಲಿ ಕಾಲು ಕಟ್ಟಿ ನಿಲ್ಲಿಸುವುದು ಸುತ್ತಲಿನ ಮುರಕಲ್ಲು ಪದವು, ಅಂದರೆ ಕಲ್ಲುಹಾಸಿನ ಎತ್ತರದ ಬಯಲು.

ಏಪ್ರಿಲಿನಲ್ಲಿ ಇಲ್ಲಿ ಕಾದ ಕಲ್ಲು, ಒಣ ಮುಳಿಹುಲ್ಲು ಅಷ್ಟೇ. ಈಗ ಬೊಗಸೆಯಗಲದ ಗುಳಿಯಲ್ಲೂ ನೀರಿದೆ. ಅದರಂಚಿಗೆ ಬಿಳಿ ಗುಂಡಿಯಂಥ ಹೂವಿನ ಎರಿಯೋಕಾಲಾನ್, ನೀಲಿ ಯುಟ್ರಿಕ್ಯುಲೇರಿಯ. ಎರಡನೆಯದಕ್ಕೆ ಬೇರಿಲ್ಲ, ಸಾಸಿವೆಗಿಂತ ಸಣ್ಣ ಚೀಲಗಳಿವೆ. ಚೀಲದ ಬಾಯಿಯ ಕೂದಲಿಗೆ ನೀರಹುಳ ತಾಗಿದ್ದೇ ತಡ, ಒಳಗೆ ಸೆಳೆದುಕೊಳ್ಳುತ್ತದೆ. ಕಲ್ಲಿನ ಮೇಲೆ ಸಿಗದ ಸಾರಜನಕವನ್ನು ಹೀಗೆ ದಕ್ಕಿಸಿಕೊಳ್ಳುತ್ತದೆ. ಮಳೆ ನಿಂತು ಗುಳಿ ಬತ್ತುವಷ್ಟರಲ್ಲಿ ಬೀಜ ಉದುರಿಸಿ ಮುಗಿಯುತ್ತದೆ.

ಗಣಿಯಂಥ ಯೋಜನೆಗಳ ಪರಿಸರ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕೆಂಬ ಕ್ರಮವಿದೆ. ಪದವಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಬೇಸಗೆಯಲ್ಲಿ ಬಂದವರು ‘ಬಂಜರು’ ಎಂದೇ ಬರೆಯುತ್ತಾರೆ. ಇದೇ ಜಿಲ್ಲೆಯ ಪೆರಿಯದ ಮಳೆಗಾಲದ ತೋಡಿನಿಂದ ಬಂದ ಕ್ರೈನಮ್ ಮಲಬಾರಿಕಮ್ ಎಂಬ ಹೂಗಿಡ ವಿಜ್ಞಾನದ ಲೆಕ್ಕಕ್ಕೆ ಸೇರಿದ್ದು 2012ರಲ್ಲಿ.

ಕೆಳಗಿನ ತೋಟದಲ್ಲಿ ಸುರಂಗ ತೋಡುವ ಹಿರಿಯರೊಬ್ಬರು ಸಿಕ್ಕರು. ಸುರಂಗವೆಂದರೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ದಾರಿ: ಆಳೆತ್ತರ, ಒಬ್ಬ ನುಗ್ಗುವಷ್ಟು ಅಗಲ, ಬಾಯಿಯ ಕಡೆಗೆ ತುಸು ಇಳಿಜಾರು. ಒರತೆಯ ನೀರು ಪಂಪಿಲ್ಲದೆ ಹರಿದು ಬರುತ್ತದೆ.

“ಮೇಲೆ ಕಲ್ಲು ಕಡಿದು ಕಾಂಕ್ರೀಟ್ ಹಾಕಿದರೆ ಏನಾಗ್ತದೆ ಅಜ್ಜ?”

“ಮಳೆಗಾಲದಲ್ಲಿ ತೋಟಕ್ಕೆ ಕೆಸರು ನುಗ್ತದೆ, ಬೇಸಗೆಯಲ್ಲಿ ಸುರಂಗ ಒಣಗ್ತದೆ. ಇಂಗುವ ನೀರು ಓಡಿದ ಮೇಲೆ ಮತ್ತೇನು?”

ಹಾಗಾಗಿ ಇಲ್ಲಿ ಕಟ್ಟಡ, ಯೋಜನೆಗಳ ನಕ್ಷೆ ಬರೆಯುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆಯಾದರೂ ಪದವು ಸುತ್ತಬೇಕು. ಪಳ್ಳ (ಕಲ್ಲಿನ ತಗ್ಗಿನಲ್ಲಿ ಮಳೆನೀರು ನಿಲ್ಲುವ ಹೊಂಡ), ನೀರು ಹರಿಯುವ ಗೆರೆ, ಕೆಳಗಿನ ಸುರಂಗಗಳ ಬಾಯಿ ಎಲ್ಲವನ್ನೂ ಗುರುತಿಸಬೇಕು. ಪಳ್ಳಕ್ಕೆ ಬೇಲಿ ಹಾಕಿ ಅದಕ್ಕೆ ನೀರಿಳಿಸುವ ಮೇಲಿನ ಕಲ್ಲುಹಾಸನ್ನು ಸಮತಟ್ಟು ಮಾಡಿದರೆ ಪಳ್ಳ ಉಳಿಯದು. ಕಟ್ಟಡಕ್ಕೆ ಈಗಾಗಲೇ ಕಲ್ಲು ಕಡಿದು ಬಿಟ್ಟ ಜಾಗವೇ ಸಾಕು. ‘ಹಸಿರು ಪಟ್ಟಿ’ ಎಂದು ಮಣ್ಣು ಸುರಿದು ಅಕೇಶಿಯ ನೆಡುವುದಂತೂ ಬೇಡವೇ ಬೇಡ. ನೆರಳು, ತರಗೆಲೆಯಡಿ ಈ ಬಿಸಿಲಿನ ಗಿಡಗಳು ಸಾಯುತ್ತವೆ, ತಂದ ಮಣ್ಣಿನೊಂದಿಗೆ ಕಳೆಯೂ ಬರುತ್ತದೆ. ಟಿಟ್ಟಿಭ ಹಕ್ಕಿ ಬರಿನೆಲದಲ್ಲೇ ಮೊಟ್ಟೆಯಿಡುವುದರಿಂದ ಬೇಸಗೆಯಲ್ಲೂ ಜಲ್ಲಿ ರಾಶಿ ಹಾಕುವಂತಿಲ್ಲ.

ನೋಡಲು ಹೋಗುವವರು ಸವೆದ ರಬ್ಬರ್ ಚಪ್ಪಲಿ ಹಾಕಬೇಡಿ. ಕಪ್ಪಗೆ ಹೊಳೆಯುವ ಕಲ್ಲಿನಲ್ಲಿ ಪಾಚಿಯಿದೆ, ಮೊಣಕಾಲು ಸುಲಿಯುತ್ತದೆ. ಒರಟು ಕಲ್ಲನ್ನೇ ಆರಿಸಿ ಕಾಲಿಡಿ, ನೀಲಿ ಕಂಡಲ್ಲಿ ಸುತ್ತಿ ನಡೆಯಿರಿ.