ಕರಬೂಜದ ಬೀಜದೊಳಗಿನ ಗಾಳಿಗೆರೆ

ನಮ್ಮ ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಒಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಅಂದರೆ ಬೆಳಕಿನಿಂದ ಒಳಪದರಗಳ ಚಿತ್ರ ತೆಗೆಯುವ) ಯಂತ್ರ ಬಂದ ಮೊದಲ ವರ್ಷದಲ್ಲಿ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಣ್ಣಿನ ಆಸ್ಪತ್ರೆಯಲ್ಲಿ ಅಕ್ಷಿಪಟಲದ ಪದರಗಳನ್ನು ನೋಡುವುದೂ ಇದೇ ವಿಧಾನದಿಂದ. ಅವಗೆಂಪು ಬೆಳಕನ್ನು ಬೀಜದೊಳಕ್ಕೆ ಹಾಯಿಸಿ, ಒಳಪದರಗಳಿಂದ ಮರಳುವ ಬೆಳಕನ್ನು ಇನ್ನೊಂದು ಕಿರಣದೊಂದಿಗೆ ಬೆರೆಸಿ, ಎಷ್ಟು ಆಳದಿಂದ ಎಷ್ಟು ಬೆಳಕು ಬಂದಿತೆಂಬುದನ್ನು ಯಂತ್ರ ಚಿತ್ರವಾಗಿ ತೋರಿಸುತ್ತದೆ. ಒಂದೆರಡು ಮಿಲಿಮೀಟರ್‌ಗಿಂತ ಆಳಕ್ಕೆ ಅದರ ನೋಟ ಹೋಗದು. ಆದರೆ ಬೀಜಕ್ಕೆ ಜೀವವಿದೆಯೇ ಎಂದು ಬಣ್ಣದಿಂದ ತಿಳಿಯುವ ಟೆಟ್ರಜೋಲಿಯಂ ಪರೀಕ್ಷೆಯಲ್ಲಿ ಬೀಜವನ್ನು ಸೀಳಬೇಕು, ವೈರಸ್ ಪತ್ತೆಹಚ್ಚುವ ಎಲಿಸಾ ಪರೀಕ್ಷೆಗೆ ಅರೆಯಬೇಕು. ಇಲ್ಲಿ ನೋಡಿದ ಬೀಜವನ್ನೇ ಬಿತ್ತಬಹುದು. ದುಬಾರಿ ಹೈಬ್ರಿಡ್ ಬೀಜದ ವಿಷಯದಲ್ಲಿ ಇದು ಸಣ್ಣ ಅನುಕೂಲವಲ್ಲ.

ವೈರಸ್ ತಗುಲಿದ ಕರಬೂಜದ ಬೀಜಗಳನ್ನು ಸಿಪ್ಪೆಯ ಕೆಳಗಿನ ಪದರಗಳ ವ್ಯತ್ಯಾಸದಿಂದ ಗುರುತಿಸಲು ಕೊರಿಯಾದ ಸಂಶೋಧಕರು 2011ರಲ್ಲಿ ಒಸಿಟಿಯನ್ನು ಬಳಸಿದ್ದರು. ಅದರ ಜಾಡಿನಲ್ಲಿಯೇ ನಾವು, ಸಿಪ್ಪೆಗೂ ತಿರುಳಿಗೂ ನಡುವಿನ ಕಿರಿದಾದ ಗಾಳಿಯ ಸಂದು ಕಾಣದ ಬೀಜಗಳನ್ನು ಸಂಶಯಾಸ್ಪದವೆಂದು ಬೇರ್ಪಡಿಸುತ್ತಿದ್ದೆವು. ಒಂದು ಲಾಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೀಜಗಳಲ್ಲಿ ಸಂದು ಕಾಣಲಿಲ್ಲ. ನಾನು ಎರಡನೆಯ ಯೋಚನೆ ಮಾಡದೆ ಲಾಟನ್ನು ತಡೆಹಿಡಿಯುವಂತೆ ವರದಿ ಬರೆದೆ.

ಆ ಬೀಜಗಳು ಹಿಂದಿನ ದಿನ ಬೇರೊಂದು ಪರೀಕ್ಷೆಗಾಗಿ ನೀರಿನಲ್ಲಿ ನೆನೆದು, ಮೇಲ್ಮೈ ಮಾತ್ರ ಒಣಗಿ ನನ್ನ ಮೇಜಿಗೆ ಬಂದಿದ್ದವೆಂಬುದು ಹಿರಿಯ ಸಹೋದ್ಯೋಗಿಯೊಬ್ಬರು ರಿಜಿಸ್ಟರ್ ತಿರುವಿ ಹಾಕಿದಾಗಲೇ ತಿಳಿಯಿತು. ವಕ್ರೀಭವನ ಸೂಚ್ಯಂಕ (ವಸ್ತುವೊಂದರಲ್ಲಿ ಬೆಳಕು ಎಷ್ಟು ನಿಧಾನವಾಗುತ್ತದೆಂಬುದರ ಅಳತೆ) ಥಟ್ಟನೆ ಬದಲಾಗುವ ಕಡೆ ಬೆಳಕು ಬಲವಾಗಿ ಮರಳುತ್ತದೆ. ಗಾಳಿಯ ಸೂಚ್ಯಂಕ 1, ನೀರಿನದು ಸುಮಾರು 1.33, ಒಣ ಸಿಪ್ಪೆಯದು ಇನ್ನೂ ಹೆಚ್ಚು. ಸಂದಿನಲ್ಲಿ ಗಾಳಿಯ ಬದಲು ನೀರು ನಿಂತರೆ ಆ ಅಂತರ ಕುಗ್ಗಿ, ಪರದೆಯ ಮೇಲಿನ ಗೆರೆ ಮಾಸಿಹೋಗುತ್ತದೆ. ಯಂತ್ರ ತೋರಿಸುವ ದಪ್ಪವೂ ನಿಜವಾದ ದಪ್ಪವನ್ನು ಈ ಸೂಚ್ಯಂಕದಿಂದ ಗುಣಿಸಿದ್ದೇ ಆಗಿರುವುದರಿಂದ, ತೇವಾಂಶ ತಿಳಿಯದೆ ಸಿಪ್ಪೆಯ ಅಳತೆಯನ್ನೂ ನಂಬುವಂತಿಲ್ಲ. ಇದು ಪಿಯುಸಿಯ ಭೌತಶಾಸ್ತ್ರ. ನೆನಪಾಗದಿದ್ದುದಕ್ಕೆ ಇಂದಿಗೂ ಸಂಕೋಚವಾಗುತ್ತದೆ.

ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಯಲ್ಲಿ ಎರಡು ದಿನ ಇಟ್ಟ ಮೇಲೆ ಬಹುತೇಕ ಬೀಜಗಳಲ್ಲಿ ಗೆರೆ ಮತ್ತೆ ಮೂಡಿತು. ಬೀಜವನ್ನು ಹಾಳುಮಾಡದ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡುವುದು ಬಿಟ್ಟು ಕೊನೆಗೆ ಇಟ್ಟದ್ದೇ ನಮ್ಮ ಮೂಲ ತಪ್ಪಾಗಿತ್ತು. ಈಗ ಮಾದರಿ ಬಂದೊಡನೆ ತೇವಾಂಶ ಬರೆದುಕೊಂಡು, ಸ್ಕ್ಯಾನ್ ಮುಗಿದ ಬಳಿಕವೇ ಅದೇ ಬೀಜಗಳನ್ನು ಮುಂದಿನ ವಿಭಾಗಕ್ಕೆ ಕಳುಹಿಸುತ್ತೇವೆ. ಒಣಗಿದ ಮೇಲೂ ಗೆರೆ ಕಾಣದ ನಾಲ್ಕು ಬೀಜಗಳನ್ನು ಎಲಿಸಾಕ್ಕೆ ಕೊಟ್ಟೆವು; ವೈರಸ್ ಸಿಗಲಿಲ್ಲ, ಸಿಪ್ಪೆ ತಿರುಳಿಗೆ ಅಂಟಿಕೊಂಡಿತ್ತು ಅಷ್ಟೇ.